ಅರಕಲಗೂಡಿನ ಅಭಿಮಾನಿಗೆ ಕಾಮಾಲೆ

ಒಂದೇ ದಿನ ಎರಡು ಕಾದಂಬರಿ ಬಿಡುಗಡೆ ಮಾಡಿಸಿಕೊಂಡ ಲೇಖಕಿ ಹಾಸನ ಜಿಲ್ಲೆಯಲ್ಲಿ ತನ್ನನ್ನು ಬಿಟ್ಟರೆ ಇನ್ನೊಬ್ಬಳಿಲ್ಲ ಎಂಬ ವಿಷಯದಲ್ಲಿ ಪ್ರೇಮಕುಮಾರಿಗೆ ಯಾವ ಅನುಮಾನವೂ ಇರಲಿಲ್ಲ. ಅನುಮಾನ ಇದ್ದದ್ದು, ಅವನ್ನು ಯಾರಾದರೂ ಓದುತ್ತಿದ್ದಾರೆಯೇ ಎಂಬುದರಲ್ಲಿ.

ಒಂದರ ಹೆಸರು ‘ಒಲವಿನ ಒಂಬತ್ತನೇ ತಿರುವು’. ಅದರಲ್ಲಿ ಪ್ರೇಮಿಗಳು ಘಾಟಿ ರಸ್ತೆಯಲ್ಲಿ ಸಿಗುತ್ತಾರೆ, ಘಾಟಿ ರಸ್ತೆಯಲ್ಲೇ ಮುನಿಸಿಕೊಳ್ಳುತ್ತಾರೆ, ಕೊನೆಗೆ ಘಾಟಿ ಇಳಿದ ಮೇಲೆ ಒಂದಾಗುತ್ತಾರೆ. ಇನ್ನೊಂದು ‘ಮಾಲತಿ ಮಾತಾಡಿದಳು’. ಇಪ್ಪತ್ತು ವರ್ಷ ಹೆಂಡತಿಯ ಮಾತನ್ನು ಕಿವಿಗೆ ಹಾಕಿಕೊಳ್ಳದ ಗಂಡನೆದುರು ಮಾಲತಿ ಎಂಬ ಗೃಹಿಣಿ ಒಂದು ದಿನ ಬಾಯಿ ಬಿಡುತ್ತಾಳೆ. ಬಿಟ್ಟ ಬಾಯನ್ನು ಮುಂದಿನ ನೂರ ಎಂಬತ್ತು ಪುಟ ಮುಚ್ಚುವುದಿಲ್ಲ.

ಪ್ರಕಾಶಕರು ರುದ್ರಯ್ಯನವರು. ಹಾಸನದಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇಟ್ಟುಕೊಂಡವರು. ಲಗ್ನಗಳಿಲ್ಲದ ತಿಂಗಳುಗಳಲ್ಲಿ ಸಾಹಿತ್ಯ ಸೇವೆ ಮಾಡುತ್ತಿದ್ದರು. ಬಿಡುಗಡೆಯ ದಿನ ಅವರು ಮೈಕಿನ ಮುಂದೆ ನಿಂತು ಲೇಖಕರಿಗೆ ಓದುಗರೇ ದೇವರು ಎಂದು ಭಾವುಕರಾಗಿ ಹೇಳಿದ್ದನ್ನು ಕೇಳಿ, ಪ್ರೇಮಕುಮಾರಿಗೂ ಆವೇಶ ಬಂದುಬಿಟ್ಟಿತು. ನಾಳೆಯಿಂದ ಪ್ರತಿದಿನ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಒಬ್ಬ ಓದುಗರ ಅಭಿಪ್ರಾಯವನ್ನು ತನ್ನ ಫೇಸ್‌ಬುಕ್ ಪುಟದಲ್ಲೂ ವಾಟ್ಸಾಪ್ ಬಳಗದಲ್ಲೂ ಹಂಚಿಕೊಳ್ಳುವುದಾಗಿ ಸಭೆಯಲ್ಲಿ ಘೋಷಿಸಿಬಿಟ್ಟಳು. ಪುಸ್ತಕದ ಹಿಂಬದಿಯಲ್ಲಿ ಫೋನ್ ನಂಬರು ಇದೆ, ಸಂಕೋಚವಿಲ್ಲದೆ ಮಾಡಿ ಎಂದೂ ಸೇರಿಸಿದಳು. ಚಪ್ಪಾಳೆ ಬಿತ್ತು.

ಮಾರನೆಯ ದಿನ ಹತ್ತು ಗಂಟೆಯಾಯಿತು. ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಬಂತು; ಗ್ಯಾಸ್ ಸಿಲಿಂಡರಿನವನದು.

ಹೊರಗಿನವರು ಇಲ್ಲದಿದ್ದರೆ ಮನೆಯವರಾದರೂ ಸೈ ಎಂದು ಅವಳು ಪೆನ್ನು ಹಿಡಿದು ಅತ್ತೆಯ ಎದುರು ಕುಳಿತಳು. ದಾಕ್ಷಾಯಣಮ್ಮನವರು ಕನ್ನಡಕ ಹಾಕಿಕೊಂಡು ನಾಲ್ಕೇ ದಿನದಲ್ಲಿ ಮೊದಲನೆಯ ಕಾದಂಬರಿಯನ್ನು ಮುಗಿಸಿದ್ದರು. ಸೊಸೆ ಅಭಿಪ್ರಾಯ ಕೇಳಿದಾಗ ಬಹಳ ಹೊತ್ತು ಯೋಚಿಸಿದರು.

“ಆ ಹುಡುಗಿ ಊಟಾನೇ ಮಾಡಲ್ಲ ಕಣವ್ವ. ಇನ್ನೂರು ಪುಟದಲ್ಲಿ ಎರಡು ಸಲ ಕಾಫಿ ಕುಡಿದವಳೆ ಅಷ್ಟೆ. ಪ್ರೀತಿ ಗೀತಿ ಆಮೇಲಾಯ್ತು, ಮೊದ್ಲು ಅದಕ್ಕೊಂದು ಮುದ್ದೆ ಇಕ್ಕಬಾರ್ದಾಗಿತ್ತಾ?”

ಇದನ್ನು ಬಳಗದಲ್ಲಿ ಹಾಕುವಂತಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಮಾನ್ಯ ಎರಡು ಹೃದಯ, ಒಂದು ಹೆಬ್ಬೆರಳು ಕಳಿಸಿದಳು (ಅದೂ ಪಕ್ಕದ ಕೋಣೆಯಿಂದ). ಗಂಡ ಗೌರೀಶ ಪಂಪ್‌ಸೆಟ್ಟು, ಪೈಪುಗಳ ವ್ಯಾಪಾರಿ. ಅವನು ಪುಸ್ತಕವನ್ನು ಗೌರವದಿಂದ ಎರಡು ಕೈಯಲ್ಲಿ ತೆಗೆದುಕೊಂಡು, ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಪೈಪಿನ ದಪ್ಪ ನೋಡುವವನಂತೆ ಉಜ್ಜಿ ನೋಡಿದ. “ಗೇಜ್ ಚೆನ್ನಾಗಿದೆ,” ಎಂದ. ಅಂಗಡಿಗೆ ಹೊತ್ತಾಯಿತೆಂದು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಐದನೆಯ ದಿನ ಬಳಗದಲ್ಲಿ ಒಬ್ಬರು, ಓದುಗರ ಅಭಿಪ್ರಾಯ ಎಲ್ಲಿ ಮೇಡಂ ಎಂದು ಕೇಳಿದರು. ಅದರ ಕೆಳಗೆ ಇನ್ನೊಬ್ಬರು ನಗುವ ಮುಖ ಹಾಕಿದರು. ಆ ನಗುವ ಮುಖವನ್ನು ಪ್ರೇಮಕುಮಾರಿ ಬಹಳ ಹೊತ್ತು ನೋಡಿದಳು. ಹದಿನಾರು ವರ್ಷದಿಂದ, ಮನೆಯವರು ಹೊರಗೆ ಹೋದ ಮೇಲೆ, ಅಡುಗೆಮನೆಯ ಪಕ್ಕದ ಪುಟ್ಟ ಮೇಜಿನಲ್ಲಿ ಕೂತು ಬರೆದವಳು ಅವಳು. ವಾರಪತ್ರಿಕೆಗಳು ಹಿಂದಕ್ಕೆ ಕಳಿಸಿದ ಕಥೆಗಳು ಒಂದು ಅಟ್ಟಣಿಗೆಯಷ್ಟಿದ್ದವು. ಈಗ ಪುಸ್ತಕ ಬಂದ ಮೇಲೂ ಹೀಗಾದರೆ, ತಾನು ಬರೆದದ್ದು ಸಾಲದೋ ಏನೋ ಎಂಬ ಹೆದರಿಕೆ ಅವಳನ್ನು ಹಿಡಿಯಿತು. ಆ ಹೆದರಿಕೆಯಲ್ಲೇ ಒಂದು ಭವ್ಯವಾದ ಉಪಾಯವೂ ಹೊಳೆಯಿತು. ಇಷ್ಟು ಪಾತ್ರಗಳನ್ನು ಸೃಷ್ಟಿಸಿದವಳಿಗೆ ಇನ್ನೊಬ್ಬಳು ಭಾರವೇ?

ಹೀಗೆ ಶೋಭಿತಾ ಹುಟ್ಟಿದಳು. ಊರು ಅರಕಲಗೂಡು. ಹಾಸನದವಳೆಂದರೆ ಯಾರಾದರೂ ಹುಡುಕಿಕೊಂಡು ಹೋಗಿಬಿಟ್ಟಾರು. ಬೆಂಗಳೂರಿನವಳೆಂದರೆ ಯಾರೂ ನಂಬಲಾರರು. ಅರಕಲಗೂಡು ಹದವಾದ ದೂರದಲ್ಲಿತ್ತು.

“ಮೇಡಂ, ತಮ್ಮ ಕಾದಂಬರಿಯನ್ನು ಓದಿದ ಕ್ಷಣದಿಂದ, ಹಾವಸೆಗಟ್ಟಿದ ನನ್ನ ಹೃದಯಸರೋವರದಲ್ಲಿ ತಾವರೆಯೊಂದು ಕಣ್ತೆರೆದಿದೆ” ಎಂದು ಶೋಭಿತಾ ಮೊದಲ ಪತ್ರದಲ್ಲಿ ಬರೆದಳು. ಎಂಬತ್ನಾಲ್ಕು ಲೈಕು ಬಂದವು. ಎರಡನೆಯ ಪತ್ರಕ್ಕೆ ನೂರ ಹತ್ತು. ನಾಲ್ಕನೆಯ ಪತ್ರದಲ್ಲಿ ಶೋಭಿತಾಗೆ ಇಬ್ಬರು ಮಕ್ಕಳಿರುವುದೂ, ಮಧ್ಯಾಹ್ನ ಅವರು ಶಾಲೆಗೆ ಹೋದ ಮೇಲೆ ಅವಳು ಕಿಟಕಿಯ ಪಕ್ಕ ಕೂತು ಓದುವುದೂ ತಿಳಿದುಬಂತು. ಪ್ರೇಮಕುಮಾರಿ ಬೆಳಗಿನ ತಿಂಡಿ ಮುಗಿಸಿ ಮೇಜಿಗೆ ಕೂತರೆ ಶೋಭಿತಾಳ ಹೊರತು ಬೇರೆ ಪ್ರಪಂಚ ಇರುತ್ತಿರಲಿಲ್ಲ. ಒಂಬತ್ತು ಪತ್ರಗಳಾಗುವಷ್ಟರಲ್ಲಿ ಬಳಗದವರು ಅವಳ ಫೋಟೊ ಕೇಳತೊಡಗಿದರು. ಒಬ್ಬರಂತೂ, ಲೇಖಕಿಗಿಂತ ಈ ಓದುಗಿಯೇ ಚೆನ್ನಾಗಿ ಬರೆಯುತ್ತಾರೆ ಎಂದುಬಿಟ್ಟರು. ಅದನ್ನು ಓದಿ ಪ್ರೇಮಕುಮಾರಿ ಅರ್ಧ ದಿನ ನೊಂದುಕೊಂಡಳು, ಉಳಿದರ್ಧ ದಿನ ಹಿಗ್ಗಿದಳು.

ಆಗ ರುದ್ರಯ್ಯನವರ ಫೋನು ಬಂತು. ಚನ್ನರಾಯಪಟ್ಟಣದ ಹೆಂಗಸರ ಓದುಗರ ಕೂಟದವರು ಎರಡು ಭಾನುವಾರ ಬಿಟ್ಟು ಒಂದು ಸಂವಾದ ಇಟ್ಟುಕೊಂಡಿದ್ದಾರೆ, ಲೇಖಕಿಗೆ ಸನ್ಮಾನ, ಜೊತೆಗೆ ಅತ್ಯುತ್ತಮ ಓದುಗಿ ಎಂದು ಅರಕಲಗೂಡಿನ ಶೋಭಿತಾ ಅವರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಶೋಭಿತಾ ಅವರನ್ನು ಒಂದು ಮಾತು ಕೇಳಬೇಡವೇ ಎಂದು ಪ್ರೇಮಕುಮಾರಿ ತೊದಲಿದಳು. ಆಹ್ವಾನ ಪತ್ರಿಕೆ ಆಗಲೇ ಅಚ್ಚಾಗಿದೆ ಎಂದರು ರುದ್ರಯ್ಯ. ಪ್ರೆಸ್ ಇಟ್ಟುಕೊಂಡವರ ಸಂಗತಿಯೇ ಹಾಗೆ. ಮೊದಲು ಅಚ್ಚು ಹಾಕುತ್ತಾರೆ, ಆಮೇಲೆ ಕೇಳುತ್ತಾರೆ.

ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಶೋಭಿತಾಳನ್ನು ಏನು ಮಾಡುವುದು? ಬೇರೆ ಊರಿಗೆ ವರ್ಗ ಮಾಡಿಸಿದರೆ ಅಲ್ಲಿಂದ ಕರೆಸಿ ಎನ್ನುತ್ತಾರೆ. ಜ್ವರ ಬರಿಸಿದರೆ ಎರಡು ವಾರದಲ್ಲಿ ವಾಸಿಯಾಗಿಬಿಡುತ್ತದೆ. ಸಾಯಿಸುವುದಕ್ಕೆ ಮನಸ್ಸು ಬರಲಿಲ್ಲ. ಇದ್ದವಳೇ ಒಬ್ಬಳು ಓದುಗಿ. ಕೊನೆಗೆ ಅವಳಿಗೆ ಕಾಮಾಲೆ ತರಿಸಿದಳು. ಕಾಮಾಲೆಯವರು ತಿಂಗಳುಗಟ್ಟಲೆ ಮಲಗಬೇಕು, ಪ್ರಯಾಣ ಮಾಡುವಂತಿಲ್ಲ, ಪಥ್ಯ ಬಿಗಿಯಾಗಿರುತ್ತದೆ. ‘ನಮ್ಮೆಲ್ಲರ ಪ್ರೀತಿಯ ಶೋಭಿತಾ ಕಾಮಾಲೆಯಿಂದ ಹಾಸಿಗೆ ಹಿಡಿದಿದ್ದಾರೆ, ನಿಮ್ಮ ಹಾರೈಕೆ ಇರಲಿ’ ಎಂದು ಬಳಗದಲ್ಲಿ ಹಾಕಿ, ಎದೆಯ ಮೇಲಿಂದ ಕಲ್ಲು ಇಳಿಸಿದವಳಂತೆ ಉಸಿರುಬಿಟ್ಟಳು.

ಜಿಲ್ಲೆ ಒಂದಾಗಿ ಮಿಡಿಯಿತು. ಎಣ್ಣೆ ಮುಟ್ಟಬೇಡಿ ಎಂದರು, ಎಳನೀರು ಕೊಡಿ ಎಂದರು, ಕಬ್ಬಿನ ಹಾಲು ಎಂದರು, ಕಬ್ಬಿನ ಹಾಲು ಮಾತ್ರ ಬೇಡವೇ ಬೇಡ ಎಂದರು. ಪ್ರೇಮಕುಮಾರಿ ಎಲ್ಲರಿಗೂ ಕೈ ಮುಗಿಯುವ ಚಿತ್ರ ಕಳಿಸಿದಳು.

ಅದರ ಮುಂದಿನ ಭಾನುವಾರ ಅವಳು ಎದ್ದಾಗ ಗಂಡ ಮನೆಯಲ್ಲಿರಲಿಲ್ಲ. ಭಾನುವಾರ ಅಂಗಡಿಗೆ ರಜ. ಆ ದಿನ ಗೌರೀಶ ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ, ಮತ್ತೆ ಜೋಡಿಸಿ, ಮೊದಲು ಸೋರದ ಕಡೆ ಸೋರುವಂತೆ ಮಾಡಿ ಮಲಗುವುದು ವಾಡಿಕೆ. ಎಲ್ಲಿ ಹೋದರೆಂದು ಅತ್ತೆಯನ್ನು ಕೇಳಿದರೆ, ಒಂದು ಬಾಟಲಿ ತಗೊಂಡು ಅರಕಲಗೂಡಿಗೆ ಹೋದ ಎಂದರು. ಪ್ರೇಮಕುಮಾರಿ ಒಳಕ್ಕೆ ಓಡಿದಳು. ಫೋನು ಮಾಡಿದಳು. ಅದು ದೇವರ ಗೂಡಿನ ಪಕ್ಕದಲ್ಲೇ ರಿಂಗಾಯಿತು. ಅವನು ಮರೆತು ಹೋಗಿದ್ದ.

ಸಂಜೆ ನಾಲ್ಕಕ್ಕೆ ಪೈಪು ಸಾಗಿಸುವ ಓಮ್ನಿ ಅಂಗಳಕ್ಕೆ ಬಂತು. ಪ್ರೇಮಕುಮಾರಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗೌರೀಶ ಚಪ್ಪಲಿ ಬಿಟ್ಟು, ಕಾಲು ತೊಳೆದು, ಅವಳ ಎದುರು ಕುಳಿತು ತಾನೂ ಒಂದು ಕಾಯಿ ಕೈಗೆತ್ತಿಕೊಂಡ.

“ಪ್ರೇಮಾ, ನಿನ್ ಶೋಭಿತಾ ಸಿಕ್ಕಿದ್ರು.”

ಕಾಳು ಸಿಪ್ಪೆಯ ಮೊರಕ್ಕೆ, ಸಿಪ್ಪೆ ಕಾಳಿನ ಪಾತ್ರೆಗೆ ಬಿದ್ದವು.

ನಡೆದದ್ದು ಹೀಗೆ. ದುದ್ದದ ತಿಮ್ಮಪ್ಪ ಎಂಬ ಹಳೆಯ ಗಿರಾಕಿಯ ಹೆಂಡತಿ ಬೆಟ್ಟಮ್ಮ ಕಾಮಾಲೆಗೆ ನೆಲನೆಲ್ಲಿಯ ಔಷಧಿ ಕೊಡುವುದರಲ್ಲಿ ಹೆಸರಾದವರು. ಆಕೆಯ ಮಗಳು ಬಳಗದಲ್ಲಿದ್ದಳು. ವಿಷಯ ತಿಳಿದ ಬೆಟ್ಟಮ್ಮ ಔಷಧಿ ಅರೆದು, ಬಾಟಲಿಗೆ ತುಂಬಿ, ಗಂಡನ ಕೈಲಿ ಅಂಗಡಿಗೆ ಕಳಿಸಿದ್ದರು. “ಪಾಪ, ಓದೋ ಎಣ್ಮಗಳು ಅಂತೆ, ಬಿಡಬ್ಯಾಡ ಕಣ್ ಗೌರೀಶಣ್ಣ, ನೀನೇ ಓಗಿ ಕೊಟ್ಬುಡು” ಎಂದಿದ್ದ ತಿಮ್ಮಪ್ಪ. ಹೆಂಡತಿಯ ಓದುಗಿ ಕಾಯಿಲೆ ಬಿದ್ದಿರುವಾಗ ನೋಡಿಕೊಂಡು ಬರುವುದು ಧರ್ಮ ಎಂದು ಗೌರೀಶನಿಗೂ ಅನ್ನಿಸಿತ್ತು. ಅರಕಲಗೂಡಿನ ಪರಿಚಯದ ಪೈಪಿನ ಅಂಗಡಿಯವರನ್ನು ಕೇಳಿಕೊಂಡು, ಮೂರು ಬೀದಿ ಸುತ್ತಿ, ಬಸ್‌ಸ್ಟ್ಯಾಂಡಿನ ಹತ್ತಿರ ಬ್ಲೌಸ್ ಹೊಲಿಯುವ ಶೋಭಿತಾ ಎಂಬಾಕೆಯನ್ನು ಪತ್ತೆ ಹಚ್ಚಿದ್ದ. ಕಣ್ಣು ಬೆಳ್ಳಗಿದ್ದವು, ಊಟ ಚೆನ್ನಾಗಿ ಸೇರುತ್ತಿತ್ತು. ಕಾಗದ ಗೀಗದ ತಾನು ಯಾರಿಗೂ ಬರೆದಿಲ್ಲ ಎಂದರಂತೆ. ಸಂಕೋಚಕ್ಕೆ ಹಾಗನ್ನುತ್ತಾರೆಂದು ಇವನು ಒತ್ತಾಯ ಮಾಡಿ ಔಷಧಿ ಕೊಟ್ಟಿದ್ದ. ಚನ್ನರಾಯಪಟ್ಟಣಕ್ಕೂ ಕರೆದಿದ್ದ, ಹಬ್ಬದ ಬ್ಲೌಸುಗಳು ರಾಶಿ ಬಿದ್ದಿವೆ, ಆಗುವುದೇ ಇಲ್ಲ ಎಂದರಂತೆ. ಅಷ್ಟು ದೂರ ಹೋದದ್ದಕ್ಕೆ ಗಾಡಿಯಲ್ಲಿದ್ದ ಎರಡು ಕಾದಂಬರಿಗಳನ್ನೂ ಅಲ್ಲೇ ಬಿಟ್ಟು ಬಂದಿದ್ದ.

“ರೀ,” ಎಂದಳು ಪ್ರೇಮಕುಮಾರಿ. “ಶೋಭಿತಾ ಅನ್ನೋರು ಯಾರೂ ಇಲ್ಲ.”

“ಇದಾರಲ್ಲ. ನೋಡ್ಕೊಂಡೇ ಬಂದೆ.”

“ಅಯ್ಯೋ, ಆ ಶೋಭಿತಾ ಅಲ್ಲ. ಕಾಗದ ಬರ್ದಿದ್ದು ನಾನೇ.”

ಹೇಳಿದ ಮೇಲೆ ಮಿಕ್ಕದ್ದೂ ಹೊರಬಂತು. ಯಾರೂ ಫೋನು ಮಾಡದಿದ್ದದ್ದು, ಆ ನಗುವ ಮುಖ, ತಾವರೆ, ಕಾಮಾಲೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, ನನ್ನ ಪುಸ್ತಕಾನ ಯಾರೂ ಓದಲೇ ಇಲ್ಲ ಕಣ್ರೀ ಎಂದಳು. ಗೌರೀಶ ಬೈಯುತ್ತಾನೆಂದುಕೊಂಡಿದ್ದಳು. ಅವನು ಬೈಯಲಿಲ್ಲ. ಗೊಂದಲದಿಂದ ಅವಳನ್ನೇ ನೋಡಿದ.

“ಯಾರೂ ಓದಿಲ್ಲ ಅಂದ್ರೆ, ದಿನಾ ನಂಗೆ ಫೋನ್ ಮಾಡ್ತಾರಲ್ಲ, ಅವ್ರೆಲ್ಲ ಯಾರು?”

ಅವನು ಎದ್ದು ಹೋಗಿ ಓಮ್ನಿಯಿಂದ ಒಂದು ಕಟ್ಟು ತಂದ. ಪೈಪ್ ಕಂಪನಿಯ ಹಳೆಯ ಕ್ಯಾಲೆಂಡರಿನ ಹಾಳೆಗಳು. ಒಂದು ಕಡೆ ಕಳೆದ ವರ್ಷದ ತಿಂಗಳುಗಳು, ಇನ್ನೊಂದು ಕಡೆ ಗೌರೀಶನ ಗುಂಡು ಅಕ್ಷರ. ಪ್ರೇಮಕುಮಾರಿ ಪುಸ್ತಕ ತರಿಸಿ ಹಿಂಬದಿ ನೋಡಿದಳು. ಹಸ್ತಪ್ರತಿಯನ್ನು ಅವಳು ಅಂಗಡಿಯ ಲಕೋಟೆಯಲ್ಲಿಟ್ಟು ಪ್ರೆಸ್ಸಿಗೆ ಕೊಟ್ಟಿದ್ದಳು. ಲಕೋಟೆಯ ಮೇಲಿದ್ದ ಅಂಗಡಿಯ ನಂಬರೇ ಪುಸ್ತಕದ ಮೇಲೆ ಅಚ್ಚಾಗಿತ್ತು. ಒಳಗಿನ ಪುಟಗಳನ್ನು ನಾಲ್ಕು ಸಲ ತಿದ್ದಿದವಳು ಹಿಂಬದಿಯಲ್ಲಿ ನೋಡಿದ್ದು ತನ್ನ ಫೋಟೊವನ್ನು ಮಾತ್ರ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅವಳು ಸಿಡುಕಿದಳು.

“ಹೇಳೋಕೆ ಬಂದೆ ಕಣೇ. ಮೂರು ಸಲ ಬಂದೆ. ನೀನು ಬರೀತಾ ಕೂತಿದ್ದೆ. ತಲೆ ಎತ್ತದೇನೇ ಕೈ ಎತ್ತಿ ‘ಶ್’ ಅಂದೆ. ಬರೆಯೋವಾಗ ಮಾತಾಡಿಸ್ಬೇಡಿ ಅಂತ ಫ್ರಿಜ್ ಮೇಲೆ ಚೀಟಿ ಬೇರೆ ಅಂಟಿಸಿದೀಯ.”

ಪ್ರೇಮಕುಮಾರಿಗೆ ಆ ಮೂರು ಬೆಳಗೂ ನೆನಪಾದವು. ಮೂರು ಸಲವೂ ಅವಳು ಬರೆಯುತ್ತಿದ್ದದ್ದು ಶೋಭಿತಾಳ ಪತ್ರವನ್ನು. ಕೇಳದ ಗಂಡನ ಮೇಲೆ ನೂರ ಎಂಬತ್ತು ಪುಟ ಬರೆದವಳು ಸಿಪ್ಪೆಯಲ್ಲಿ ಬಿದ್ದ ಕಾಳುಗಳನ್ನು ಆರಿಸತೊಡಗಿದಳು. ಆರಿಸುತ್ತಲೇ ಓದಿ ಎಂದಳು. ಅವನು ಕನ್ನಡಕ ಹಾಕಿಕೊಂಡು ಫೆಬ್ರವರಿ ತಿಂಗಳಿನಿಂದ ಶುರುಮಾಡಿದ.

ಹಾಸನ, ನಿವೃತ್ತ ಟೀಚರು: ಆರನೇ ಅಧ್ಯಾಯದಲ್ಲಿ ಮದುವೆ ಸೋಮವಾರ, ಏಳನೇ ಅಧ್ಯಾಯದಲ್ಲಿ ಅದೇ ಮದುವೆ ಶುಕ್ರವಾರ, ಗಮನಿಸಿ. ದುದ್ದದ ಬೆಟ್ಟಮ್ಮ: ಮಗಳ ಕೈಲಿ ಓದಿಸಿ ಕೇಳಿದರು, ಎರಡು ಸಲ ಅತ್ತರು, ಎರಡಿಂಚಿನ ಫುಟ್‌ವಾಲ್ವ್ ಇದೆಯಾ ಎಂದೂ ಕೇಳಿದರು. ಚನ್ನರಾಯಪಟ್ಟಣ, ಬ್ಯಾಂಕಿನ ಹುಡುಗಿ: ನಾಯಕ ಎಲ್ಲಿ ಸಿಗುತ್ತಾನೆ ಎಂದು ಕೇಳಿದರು, ನಮ್ಮಲ್ಲಿ ಸ್ಟಾಕಿಲ್ಲ ಎಂದೆ. ಹೊಳೆನರಸೀಪುರ, ಗಂಡಸು, ಹೆಸರು ಹೇಳಲಿಲ್ಲ: ಮಾಲತಿಯ ಗಂಡನ ಹಾಗೆ ನಾನೂ ಇದ್ದೀನಾ ಅಂತ ಹೆಂಡತಿಯನ್ನು ಕೇಳಿದರಂತೆ, ಆಕೆ ಉತ್ತರ ಕೊಡದೆ ಎದ್ದು ಹೋದರಂತೆ, ಈಗೇನು ಮಾಡಲಿ ಎಂದರು. ಕಾಫಿ ಮಾಡಿಕೊಟ್ಟು ನೋಡಿ ಎಂದೆ.

ಮಾರ್ಚ್ ತಿಂಗಳ ಹಿಂದೆ ಒಂದೇ ಸಾಲಿತ್ತು. ಅದೇ ಹೊಳೆನರಸೀಪುರ: ಕಾಫಿ ಕೆಲಸ ಮಾಡಿತು ಎಂದು ತಿಳಿಸಲು ಫೋನು.

ಪ್ರೇಮಕುಮಾರಿ ಆ ಹಾಳೆಯನ್ನು ಗಂಡನ ಕೈಯಿಂದ ತೆಗೆದುಕೊಂಡು ಮತ್ತೊಮ್ಮೆ ಓದಿದಳು. ಒಂಬತ್ತು ಪತ್ರಗಳಲ್ಲಿ ಅವಳು ತುಂಬಿದ್ದ ಸರೋವರ, ತಾವರೆ, ಮುಂಗಾರು, ಕೋಗಿಲೆ ಎಲ್ಲವನ್ನೂ ಒಟ್ಟು ಹಾಕಿದರೂ ಈ ಒಂದು ಸಾಲಿನ ತೂಕ ಬರುತ್ತಿರಲಿಲ್ಲ. ಯಾವುದೋ ಮನೆಯಲ್ಲಿ ಯಾರೋ ಒಬ್ಬ ಎದ್ದು ಒಲೆ ಹಚ್ಚಿದ್ದ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಅವಳು ಟೀಚರಮ್ಮನ ಮಾತನ್ನೇ ಬಳಗದಲ್ಲಿ ಹಾಕಿದಳು, ತಪ್ಪು ತನ್ನದೇ ಎಂದೂ ಬರೆದಳು. ದಿನಕ್ಕೊಂದರಂತೆ ಕ್ಯಾಲೆಂಡರಿನ ಹಾಳೆಗಳು ಹೊರಬಂದವು. ಶೋಭಿತಾಳ ವಿಷಯ ಮಾತ್ರ ಎತ್ತಲಿಲ್ಲ. ಹೇಗೂ ಆಕೆ ಬರುವುದಿಲ್ಲ ಎಂದಿದ್ದಾರೆ. ಸಭೆ ಮುಗಿದ ಮೇಲೆ ಕಾಮಾಲೆಯನ್ನು ಮೆಲ್ಲಗೆ ಇಳಿಸಿ, ಶೋಭಿತಾಳನ್ನು ಮೆಲ್ಲಗೆ ಮರೆಸಿಬಿಡುವುದೆಂದು ತೀರ್ಮಾನಿಸಿದಳು. ಅದು ಸರಿಯಲ್ಲವೇನೋ ಎಂದು ಗೌರೀಶ ಒಮ್ಮೆ ಹೇಳಿ ನೋಡಿದ. ಎಲ್ಲರ ಮುಂದೆ ತಾನು ತಲೆ ತಗ್ಗಿಸಬೇಕೇ ಎಂದು ಅವಳು ಕೇಳಿದ್ದಕ್ಕೆ ಸುಮ್ಮನಾದ.

ಚನ್ನರಾಯಪಟ್ಟಣದ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ದಾಕ್ಷಾಯಣಮ್ಮನವರು ಮೈಸೂರು ಸಿಲ್ಕ್ ಉಟ್ಟು ಕುಳಿತಿದ್ದರು, ಪಕ್ಕದಲ್ಲಿ ಗೌರೀಶ. ರುದ್ರಯ್ಯನವರು ಸ್ವಾಗತ ಮಾಡಿ, ದನಿ ತಗ್ಗಿಸಿ, ನಮ್ಮ ಅತ್ಯುತ್ತಮ ಓದುಗಿ ಶೋಭಿತಾ ಅವರು ಕಾಮಾಲೆಯ ದೆಸೆಯಿಂದ ಬರಲಾಗಿಲ್ಲ ಎಂದು ವಿಷಾದ ವ್ಯಕ್ತಪಡಿಸಿದರು. ಸಭೆ ಚ್ಚುಚ್ಚು ಎಂದಿತು.

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತಳು. ಮೂವತ್ತೈದರ ಸುಮಾರು, ಹೆಗಲಿಗೆ ಬಟ್ಟೆಯ ಚೀಲ, ಕೊರಳಲ್ಲಿದ್ದ ಅಳತೆಯ ಟೇಪು ತೆಗೆಯುವುದನ್ನೂ ಮರೆತಿದ್ದಳು.

“ಸಾ, ಅರಕಲಗೂಡು ಶೋಭಿತಾ ನಾನೇ. ನಂಗೆ ಕಾಮಾಲೆ ಬಂದಿಲ್ಲ.”

ಸಭೆಗೆ ಸಭೆಯೇ ಎದ್ದು ಚಪ್ಪಾಳೆ ತಟ್ಟಿತು. ವಾಸಿಯಾಗಿ ಬಂದಿದ್ದಾಳೆ ಎಂದೇ ಎಲ್ಲರೂ ತಿಳಿದರು. ನಾಲ್ಕು ಜನ ಹೋಗಿ ಅವಳನ್ನು ಕೈಹಿಡಿದು ವೇದಿಕೆಗೆ ಕರೆತಂದರು. ಹಾರ ಬಿತ್ತು, ಶಾಲು ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಬೇಡ ಎನ್ನಲು ಬಾಯಿ ತೆರೆದರೆ ಅದಕ್ಕೂ ಚಪ್ಪಾಳೆ. ರುದ್ರಯ್ಯನವರು ಮೈಕನ್ನು ಅವಳ ಮುಂದೆ ಹಿಡಿದು, ಆ ಒಂಬತ್ತು ಅಮರ ಪತ್ರಗಳನ್ನು ಬರೆದ ಪ್ರೇರಣೆ ಏನು ತಾಯಿ ಎಂದು ಕೇಳಿದರು.

ಶೋಭಿತಾ ಪ್ರೇಮಕುಮಾರಿಯತ್ತ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಏನು ಹೇಳಲಿ ನೀವೇ ಹೇಳಿ ಎಂಬಂತಿತ್ತು. ಒಂದು ಸನ್ನೆ ಮಾಡಿದ್ದರೆ ಏನಾದರೂ ಹೇಳಿ ದಾಟಿಸಿಬಿಡುತ್ತಿದ್ದಳೇನೋ. ಗೊತ್ತಿಲ್ಲದವಳಿಗಾಗಿ ಸುಳ್ಳು ಹೇಳಲೂ ತಯಾರಾದ ಆ ಮುಖವನ್ನು ನೋಡಿದ ಮೇಲೆ ಪ್ರೇಮಕುಮಾರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೋಗಿ ಮೈಕು ತೆಗೆದುಕೊಂಡಳು. ಬಳಸಬೇಕೆಂದುಕೊಂಡಿದ್ದ ದೊಡ್ಡ ಪದಗಳೊಂದೂ ನೆನಪಿಗೆ ಬರಲಿಲ್ಲ.

“ಇವ್ರು ಒಂದು ಕಾಗದಾನೂ ಬರ್ದಿಲ್ಲ. ಒಂಬತ್ತೂ ನಾನೇ ಬರ್ಕೊಂಡೆ. ಯಾರೂ ಓದಿಲ್ಲ ಅಂದ್ಕೊಂಡು ಹೆದರಿಬಿಟ್ಟಿದ್ದೆ. ತಪ್ಪಾಯ್ತು.”

ರುದ್ರಯ್ಯನವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಕಿವಿ ಸ್ವಲ್ಪ ಮಂದವಿದ್ದ ದಾಕ್ಷಾಯಣಮ್ಮನವರು ಮಗನ ಕಡೆ ಬಾಗಿ ಏನಂದಳು ಎಂದು ಕೇಳಿದರು. ಅವನು ಕಿವಿಯಲ್ಲಿ ಹೇಳಿದ. ಅವರು ತಲೆಯಾಡಿಸಿ, ಮೆಲ್ಲಗೆ ಹೇಳುತ್ತಿದ್ದೇನೆಂದುಕೊಂಡು, ಇಡೀ ಸಭೆಗೆ ಕೇಳುವಂತೆ ಹೇಳಿದರು:

“ಅದಕ್ಕೇ ಅಂದ್ಕೊಂಡೆ. ಆ ಕಾಗದದವಳೂ ಊಟ ಮಾಡ್ತಿರ್ಲಿಲ್ಲ.”

ಮೊದಲು ನಕ್ಕವಳು ಶೋಭಿತಾ. ಆಮೇಲೆ ಸಭೆ ಬಿದ್ದು ಬಿದ್ದು ನಕ್ಕಿತು. ನಗು ಇಳಿಯುವವರೆಗೂ ಪ್ರೇಮಕುಮಾರಿ ನೆಲ ನೋಡುತ್ತಾ ನಿಂತಿದ್ದಳು. ಶೋಭಿತಾ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡಳು.

“ನಾನು ಓದೋಳಲ್ಲ ಕಣ್ರಕ್ಕ, ಬ್ಲೌಸ್ ಹೊಲಿಯೋಳು. ಇವ್ರ ಮನೆಯೋರು ಬಂದು ಯಾರ್ದೋ ಔಷ್ದಿ ನಂಗೆ ಕುಡ್ಸಿ, ಪುಸ್ತಕ ಕೊಟ್ಟು ಹೋದ್ರು. ಇವತ್ತು ಒಳೆನರಸೀಪುರದಲ್ಲಿ ನಮ್ಮಕ್ಕನ ಮನೇಗೆ ಅಂತ ಬಸ್ ಹತ್ತಿದೆ. ಬಟ್ಟೆ ಚೀಲದಲ್ಲಿ ಇದಿತ್ತು, ತೆಗೆದೆ. ಆ ಮಾಲತಿ ಗಂಡನ ಮುಂದೆ ಬಾಯಿ ಬಿಟ್ಲಲ್ಲ, ಅಲ್ಲಿಂದ ತಲೆ ಎತ್ತಿಲ್ಲ ನಾನು. ಕಂಡಕ್ಟರು ಬಂದು ‘ಅಮ್ಮೋ, ಚನ್ರಾಯ್ಪಟ್ಣ, ಇಳೀರಿ’ ಅಂದಾಗ್ಲೇ ಗೊತ್ತಾಗಿದ್ದು. ಬಂದಿದ್ದಾಯ್ತಲ್ಲ, ಬರ್ದೋರ ಮುಖನಾದ್ರೂ ನೋಡ್ಕೊಂಡು ಓಗಾನ ಅಂತ ಬಂದೆ.” “ಅವನ್ನ ಇಷ್ಟು ಬೇಗ ಕ್ಷಮಿಸಬಾರ್ದಾಗಿತ್ತು ಅಕ್ಕ ಅವ್ಳು,” ಎಂದು ಸೇರಿಸಿದಳು.

ಪ್ರೇಮಕುಮಾರಿ ಅವಳ ಕಡೆ ತಿರುಗಿದಳು. ಶೋಭಿತಾಳ ಎರಡೂ ಕೈ ಹಿಡಿದುಕೊಂಡಳು. ಬರೆದದ್ದನ್ನು ಓದುತ್ತಾ ಒಬ್ಬಳು ಇಳಿಯುವ ಊರನ್ನೇ ಮರೆತಳು ಎಂಬುದನ್ನು ಅವಳು ಹದಿನಾರು ವರ್ಷದಲ್ಲಿ ಕಲ್ಪಿಸಿಕೊಂಡಿರಲಿಲ್ಲ. ಕಲ್ಪಿಸಿಕೊಂಡಿದ್ದರೆ ಶೋಭಿತಾಳ ಹತ್ತನೆಯ ಪತ್ರದಲ್ಲಿ ಬರೆದೇ ಬಿಡುತ್ತಿದ್ದಳು.

ಶಾಲು ತನಗೆ ಸಲ್ಲದೆಂದು ಶೋಭಿತಾ ಹಿಂದಿರುಗಿಸಲು ಹೋದಳು. ನಿಜವಾಗಿ ಅತ್ಯುತ್ತಮ ಓದುಗಿ ಎಂದರೆ ಇವರೇ ಎಂದು ರುದ್ರಯ್ಯನವರು ಮತ್ತೆ ಹೊದಿಸಿದರು. ಅವಳು ಅದರ ಅಂಚನ್ನು ತಿರುವಿ ನೋಡಿ, ಹೊಲಿಗೆ ಸರಿಯಿಲ್ಲ, ಮನೆಗೆ ಹೋಗಿ ಇನ್ನೊಂದು ಹಾಕಿಕೊಳ್ಳುತ್ತೇನೆ ಎಂದಳು.

ಸಭೆ ಮುಗಿದ ಮೇಲೆ ಪ್ರೇಮಕುಮಾರಿಯ ಸುತ್ತ ಏಳೆಂಟು ಜನ ನಿಂತರು. ಒಬ್ಬೊಬ್ಬರೂ ಒಂದೊಂದು ತಪ್ಪು ತೋರಿಸಿದರು. ಹಾಗೆಯೇ ಮುಂದಿನ ಪುಸ್ತಕ ಯಾವಾಗ ಎಂದೂ ಕೇಳಿದರು. ಆದರೆ ದೊಡ್ಡ ಗುಂಪು ನೆರೆದಿದ್ದು ಬಾಗಿಲ ಹತ್ತಿರ ಗೌರೀಶನ ಸುತ್ತ. ಫೋನಿನಲ್ಲಿ ಮಾತಾಡಿದವರು ನೀವೇ ಅಲ್ಲವೇ ಎಂದು ಹೆಂಗಸರು ಅವನ ದನಿಯನ್ನು ಗುರುತು ಹಿಡಿದಿದ್ದರು. ಹೊಳೆನರಸೀಪುರದ ಒಬ್ಬ ಗೃಹಸ್ಥ ಹೆಂಡತಿಯನ್ನು ಕರೆತಂದು ಅವನಿಗೆ ಪರಿಚಯ ಮಾಡಿಸಿದ. ಕಾಫಿಗೆ ಸಕ್ಕರೆ ಜಾಸ್ತಿ ಹಾಕುತ್ತಾರೆ, ಆದರೂ ಪರವಾಗಿಲ್ಲ ಎಂದು ಆಕೆ ವರದಿ ಕೊಟ್ಟರು. ಲೇಖಕಿ ಚೀಲ ಹಿಡಿದು ಗಂಡನ ಬಿಡುವಿಗಾಗಿ ಅರ್ಧ ಗಂಟೆ ಕಾದಳು.

ವಾಪಸ್ ಹೊರಟಾಗ ಇನ್ನೂ ಬಿಸಿಲಿತ್ತು. ಓಮ್ನಿಯ ಹಿಂದಿನ ಸೀಟಿನಲ್ಲಿ ದಾಕ್ಷಾಯಣಮ್ಮ, ಮುಂದೆ ಗಂಡ ಹೆಂಡತಿ. ಪ್ರೇಮಕುಮಾರಿ ರಸ್ತೆಯನ್ನೇ ನೋಡುತ್ತಾ, ನೀವು ಓದಿ ಮುಗಿಸಿದಿರಾ ಎಂದು ಕೇಳಿದಳು. ಎರಡೂ ಮುಗಿಸಿದೆ, ‘ಮಾಲತಿ’ಯನ್ನು ಎರಡು ಸಲ ಎಂದ ಗೌರೀಶ. ಹೇಗಿದೆ ಎಂದು ಅವಳು ಕೇಳಿದ್ದೇ ತಪ್ಪಾಯಿತು. ಇಪ್ಪತ್ಮೂರು ವರ್ಷದ ಸಂಸಾರದಲ್ಲಿ ಅವನು ಅಷ್ಟು ಮಾತಾಡಿರಲಿಲ್ಲ. ಮೊದಲನೆಯ ಕಾದಂಬರಿಯ ಮೂರನೇ ಅಧ್ಯಾಯದಲ್ಲಿ ಸಂಜೆ ಏಳು ಗಂಟೆಗೆ ತೋಟದ ಪಂಪು ಹಾಕಿ ನಾಯಕ ನಾಯಕಿ ನೀರಾಟ ಆಡುತ್ತಾರಲ್ಲ, ಆ ಹೊತ್ತಿಗೆ ತೋಟಕ್ಕೆ ತ್ರೀಫೇಸ್ ಕರೆಂಟು ಎಲ್ಲಿಂದ ಬಂತು? ನಾನೂರು ಅಡಿ ಬೋರಿನಿಂದ ಒಂದು ಎಚ್‌ಪಿ ಮೋಟಾರು ನೀರೆತ್ತುತ್ತದೆಯೇ? ಪ್ರೀತಿಗೆ ಕಣ್ಣಿಲ್ಲ ಎಂದು ಅವಳು ವಾದಿಸಿದಳು. ಕರೆಂಟಿಗೆ ಟೈಮ್‌ಟೇಬಲ್ ಇದೆ ಎಂದು ಅವನೆಂದ. ಅವಳು ಸೋಲಲಿಲ್ಲ, ಅವನು ಬಿಡಲಿಲ್ಲ. ಶಾಂತಿಗ್ರಾಮ ಬಂದರೂ ಶಾಂತಿ ಬರಲಿಲ್ಲ.

ಹಿಂದಿನಿಂದ ದಾಕ್ಷಾಯಣಮ್ಮನವರು ಇಬ್ಬರ ಭುಜವನ್ನೂ ತಟ್ಟಿದರು.

“ಜಗಳ ಆಮೇಲೆ ಆಡಿರಂತೆ. ನಾನಿನ್ನೂ ಅರ್ಧ ಓದಿದೀನಿ. ಮಾಲತಿ ಕೊನೇಗೆ ಗಂಡನ ಹತ್ರ ವಾಪಸ್ ಹೋದ್ಳಾ ಇಲ್ವಾ, ಅದ ಹೇಳಿ ಮೊದ್ಲು.”

“ಹೋದ್ಳು ಅತ್ತೆ,” ಎಂದಳು ಪ್ರೇಮಕುಮಾರಿ.

“ಇಲ್ಲಮ್ಮ, ಹೋಗ್ಲಿಲ್ಲ,” ಎಂದ ಗೌರೀಶ.

ಪ್ರೇಮಕುಮಾರಿ ತಿರುಗಿ ಅವನನ್ನು ನೋಡಿದಳು. ಬರೆದವಳು ತಾನು ಎಂದು ನೆನಪಿಸಿದಳು. ಗೌರೀಶ ಸ್ಟಿಯರಿಂಗ್ ಬಿಡದೆ, ತಾಳ್ಮೆಯಿಂದ, ಮಾಲತಿ ಬಂದಿದ್ದು ಮನೆಗೆ, ಅವನ ಹತ್ತಿರಕ್ಕಲ್ಲ ಎಂದ. ಅವಳು ಹೊಸ್ತಿಲು ದಾಟಿದಳು ಅಂತಿದೆ, ಆಮೇಲೆ ಅವನ ಕಡೆ ನೋಡಿದಳು ಅಂತ ಎಲ್ಲೂ ಇಲ್ಲ. ಅವನು ಕಾಯುತ್ತಿದ್ದಾನೆ ಅಷ್ಟೆ. ಇನ್ನು ಮೇಲೆ ಅವನು ಹೇಗಿರುತ್ತಾನೋ ಅದರ ಮೇಲಿದೆ. ಅದಕ್ಕೇ ತನಗೆ ಆ ಪುಸ್ತಕ ಹಿಡಿಸಿದ್ದು ಎಂದೂ ಹೇಳಿದ.

ಪ್ರೇಮಕುಮಾರಿ ಚೀಲದಿಂದ ತನ್ನ ಪುಸ್ತಕವನ್ನು ತೆಗೆದು ಕೊನೆಯ ಪುಟ ಬಿಡಿಸಿದಳು. ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಹಿಂದಿನ ಪುಟಕ್ಕೆ ಹೋದಳು, ಮತ್ತೆ ಕೊನೆಯ ಪುಟಕ್ಕೆ ಬಂದಳು. ಹಾಸನ ಬಂದಾಗಲೂ ಅದು ಅವಳ ಮಡಿಲಲ್ಲಿ ಬಿಚ್ಚಿಯೇ ಇತ್ತು.

ಅವನು ಓದಿದ್ದೇ ಸರಿಯಾಗಿತ್ತು.